ಪಕ್ಕದ ರೂಮಿನ ಲ್ಯಾಪ್‌ಟಾಪೇ ನಮ್ಮ ಲ್ಯಾಬ್

ಈ ಸಲ ಕಥೆ, ಕವನ ಬಿಟ್ಟು ಸ್ವಲ್ಪ ಪಾಠದ ವಿಷಯ ಬರೀತಾ ಇದ್ದೀವಿ. ಹೆದರಬೇಡಿ, ಇದು ಸಿಲಬಸ್ಸಿನಲ್ಲಿ ಇಲ್ಲ, ಇಂಟರ್ನಲ್ಸ್‌ಗೂ ಬರಲ್ಲ.

ಹಾಸ್ಟೆಲಿನಲ್ಲಿ ಸ್ವಲ್ಪ ಕಂಪ್ಯೂಟರ್ ಗೊತ್ತು ಅಂತ ಹೆಸರು ಬಂದರೆ ಸಾಕು, ಯಾರದ್ದೋ ಲ್ಯಾಪ್‌ಟಾಪ್ ನಮ್ಮ ಮಂಚದ ಮೇಲೆ ಬಂದು ಕೂತಿರುತ್ತೆ. ಇದು ಟೈಮ್ ವೇಸ್ಟ್ ಅಂತ ತುಂಬಾ ಜನ ಅಂದ್ಕೊಳ್ತಾರೆ. ನಮಗೆ ಹಾಗನ್ನಿಸಲ್ಲ. ಲ್ಯಾಬಿನಲ್ಲಿ ಪ್ರಶ್ನೆ ಮೊದಲೇ ಗೊತ್ತಿರುತ್ತೆ, ಉತ್ತರ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಬೇರೆಯವರ ತೊಂದರೆ ಬಂದಾಗ ಅದು ಯಾವ ಸಬ್ಜೆಕ್ಟಿನದ್ದು ಅನ್ನೋದೇ ಗೊತ್ತಿರಲ್ಲ. ಅದನ್ನು ಹುಡುಕೋದೇ ನಿಜವಾದ ಕಲಿಕೆ. ಮೂರು ಉದಾಹರಣೆ ಕೊಡ್ತೀವಿ.

ಒಂದು: "ಅಣ್ಣಾ, ವೈಫೈ ಕನೆಕ್ಟ್ ಆಗಿದೆ, ಆದ್ರೆ ನೆಟ್ ಬರ್ತಿಲ್ಲ."

ಮೊದಲು ಪ್ರಶ್ನೆಯನ್ನು ಎರಡು ತುಂಡು ಮಾಡಬೇಕು. ಕಮಾಂಡ್ ಪ್ರಾಂಪ್ಟ್ ತೆಗೆದು 8.8.8.8 ಗೆ ಪಿಂಗ್ ಮಾಡಿ. ಇದು ಗೂಗಲ್‌ನ ಡಿಎನ್ಎಸ್ ಸರ್ವರ್ ವಿಳಾಸ. ಉತ್ತರ ಬಂದರೆ ದಾರಿ ಸರಿಯಿದೆ ಅಂತ ಅರ್ಥ. ಆಮೇಲೆ ಒಂದು ವೆಬ್‌ಸೈಟಿನ ಹೆಸರಿಗೆ ಪಿಂಗ್ ಮಾಡಿ. ಹೆಸರೇ ಸಿಗ್ತಿಲ್ಲ ಅಂತ ಬಂದರೆ ತೊಂದರೆ ಇರೋದು ಡಿಎನ್ಎಸ್‌ನಲ್ಲಿ, ಅಂದರೆ ಹೆಸರನ್ನು ನಂಬರ್ ಮಾಡಿಕೊಡೋ ವ್ಯವಸ್ಥೆಯಲ್ಲಿ. ಫೋನಿನಲ್ಲಿ ಅಮ್ಮನ ನಂಬರ್ ನೆನಪಿಲ್ಲದೆ 'ಅಮ್ಮ' ಅಂತ ಒತ್ತುತ್ತೀವಲ್ಲ, ಹಾಗೆ. ಕಾಂಟ್ಯಾಕ್ಟ್ಸ್ ಅಳಿಸಿಹೋದರೂ ಸಿಮ್ ಕೆಲಸ ಮಾಡ್ತಾನೇ ಇರುತ್ತೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ರೂಪಿಸೋ ಮೊದಲು ಎಲ್ಲಾ ಕಂಪ್ಯೂಟರುಗಳ ಹೆಸರು ಒಂದೇ ಫೈಲಿನಲ್ಲಿ ಇರ್ತಿತ್ತು, ಅದನ್ನೇ ಎಲ್ಲರೂ ಕಾಪಿ ಮಾಡ್ಕೋಬೇಕಿತ್ತು. ಒಂದು ಎಚ್ಚರಿಕೆ: ಕೆಲವು ನೆಟ್‌ವರ್ಕ್‌ಗಳಲ್ಲಿ ಪಿಂಗ್ ಬ್ಲಾಕ್ ಮಾಡಿರ್ತಾರೆ, ಅದಕ್ಕೇ ಪಕ್ಕದವರ ಲ್ಯಾಪ್‌ಟಾಪಿನಲ್ಲೂ ಒಮ್ಮೆ ಮಾಡಿ ನೋಡಿ.

ಎರಡು: "ಯಾವ ಸೈಟ್ ತೆಗೆದರೂ ಸೇಫ್ ಅಲ್ಲ ಅಂತ ಬರುತ್ತೆ, ವೈರಸ್ಸಾ?"

ಬಲಗಡೆ ಮೂಲೆಯಲ್ಲಿ ತಾರೀಖು ನೋಡಿ. ತುಂಬಾ ಸಲ ಅದು ಎಷ್ಟೋ ವರ್ಷ ಹಿಂದೆ ಹೋಗಿರುತ್ತೆ. ಪ್ರತಿ ಸೈಟಿನ ಸರ್ಟಿಫಿಕೇಟಿಗೂ ಶುರುವಾಗೋ ದಿನ, ಮುಗಿಯೋ ದಿನ ಅಂತ ಇರುತ್ತೆ. ನಮ್ಮ ಗಡಿಯಾರವೇ ತಪ್ಪಾದರೆ ಸರಿಯಿರೋ ಸರ್ಟಿಫಿಕೇಟನ್ನೂ ಬ್ರೌಸರ್ ನಂಬಲ್ಲ. ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡಿನ ಮೇಲೆ ನಾಣ್ಯದ ಹಾಗಿರೋ 3 ವೋಲ್ಟಿನ ಸೆಲ್ ಮುಗಿದಿರಬಹುದು. ಪವರ್ ತೆಗೆದಾಗ ಗಡಿಯಾರ ನಡೆಸೋದು ಅದೇ. ಒಂದು ಚಿಕ್ಕ ಸೆಲ್ಲಿಗೂ ನೆಟ್‌ವರ್ಕ್ ಸೆಕ್ಯುರಿಟಿಗೂ ಸಂಬಂಧ ಇದೆ ಅಂತ ನಮಗೆ ಯಾವ ಪುಸ್ತಕವೂ ಒಂದೇ ಪುಟದಲ್ಲಿ ಹೇಳಿರಲಿಲ್ಲ.

ಮೂರು: "ಕನ್ನಡದಲ್ಲಿ ಟೈಪ್ ಮಾಡಿದ್ದು, ಇಲ್ಲಿ ತೆಗೆದರೆ ಇಂಗ್ಲಿಷ್ ಚಿಹ್ನೆಗಳು ಬರ್ತಿವೆ."

ಇದು ನಮ್ಮ ಸಂಘದ ಕೆಲಸದಲ್ಲೇ ಬರೋ ತೊಂದರೆ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಬರೆದಿರ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದ ತಕ್ಷಣ ಒಳಗಿರೋ ಇಂಗ್ಲಿಷ್ ಚಿಹ್ನೆಗಳು ಹೊರಗೆ ಬರ್ತವೆ. ಫೈಲ್ ಕೆಟ್ಟಿಲ್ಲ, ಯೂನಿಕೋಡ್‌ಗೆ ಪರಿವರ್ತಿಸಿದರೆ ಸಾಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದ್ದೇ 128 ಜಾಗ ಇದೆ, 3200ರಿಂದ 3327ರವರೆಗೆ. 'ಕ' ಅಕ್ಷರದ ನಂಬರ್ 3221. ಈಗ ಪೈಥಾನ್‌ನಲ್ಲಿ 'ಕನ್ನಡ' ಪದದ ಉದ್ದ ಎಷ್ಟು ಅಂತ ಕೇಳಿ. 3 ಬರಲ್ಲ, 5 ಬರುತ್ತೆ! ಕ, ನ, ಅರ್ಧಾಕ್ಷರ ಮಾಡೋ ಚಿಹ್ನೆ, ಮತ್ತೆ ನ, ಡ. ಯುಟಿಎಫ್-8ನಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಒತ್ತಕ್ಷರ ಕಲಿತಿದ್ದು ಒಂದನೇ ಕ್ಲಾಸಿನಲ್ಲಿ, ಅದು ಮೆಮರಿಯಲ್ಲಿ ಹೇಗೆ ಕೂರುತ್ತೆ ಅಂತ ಕಲಿತಿದ್ದು ಜೂನಿಯರ್ ಒಬ್ಬನ ಫೈಲಿನಿಂದ.

ಸಹಾಯ ಮಾಡುವಾಗ ನಾವು ಪಾಲಿಸೋ ನಾಲ್ಕು ನಿಯಮ:

1. ಮೊದಲು ಕೇಳಿಸಿಕೊಳ್ಳಿ. "ಇದು ಯಾವಾಗಿಂದ? ಅದಕ್ಕೂ ಮೊದಲು ಏನು ಬದಲಾಯಿಸಿದ್ರಿ?" ಅರ್ಧ ಉತ್ತರ ಇಲ್ಲೇ ಸಿಗುತ್ತೆ. ಎರರ್ ಮೆಸೇಜನ್ನು ಪೂರ್ತಿ ಓದಿ, ಕ್ಲೋಸ್ ಒತ್ತಬೇಡಿ.

2. ಒಂದು ಸಲಕ್ಕೆ ಒಂದೇ ಬದಲಾವಣೆ. ಐದು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಅಂತ ಗೊತ್ತಾಗಲ್ಲ.

3. ಇರೋದನ್ನು ಕಾಪಾಡಿ. ಪೆನ್‌ಡ್ರೈವಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಡಿಲೀಟ್ ಆದರೆ ಅದರಲ್ಲಿ ಹೊಸದಾಗಿ ಏನನ್ನೂ ಹಾಕಬೇಡಿ. ಡಿಲೀಟ್ ಅಂದರೆ ಸಾಮಾನ್ಯವಾಗಿ ಆ ಜಾಗ ಖಾಲಿ ಅಂತ ಗುರುತು ಹಾಕೋದು ಮಾತ್ರ, ಡೇಟಾ ಇನ್ನೂ ಅಲ್ಲೇ ಇರಬಹುದು. ಮೇಲೆ ಬೇರೆ ಫೈಲ್ ಬಂದು ಕೂತರೆ ಹೋಯ್ತು. ಲ್ಯಾಪ್‌ಟಾಪಿನ ಎಸ್ಎಸ್‌ಡಿಯಲ್ಲಿ ಆದರೆ ವಾಪಸ್ ಸಿಗೋದು ಇನ್ನೂ ಕಷ್ಟ, ಅದು ಖಾಲಿ ಜಾಗವನ್ನು ತಾನೇ ಒರೆಸಿಬಿಡುತ್ತೆ.

4. ಪಾಸ್‌ವರ್ಡ್ ಕೇಳಬೇಡಿ, ಅವರ ಫೋಟೋ ಫೋಲ್ಡರ್ ತೆಗೀಬೇಡಿ. ಕೀಬೋರ್ಡ್ ಅವರ ಕೈಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತು ಹೇಳಿ. ನಿಧಾನ ಆಗುತ್ತೆ ನಿಜ, ಆದ್ರೆ ಮುಂದಿನ ಸಲ ಅವರೇ ಮಾಡ್ಕೊಳ್ತಾರೆ.

ಇನ್ನೊಂದು ಮಾತು. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಡಿಎನ್ಎಸ್ ಅಂದ್ರೆ ಏನು ಅಂತ ಎರಡು ಮಾರ್ಕಿಗೆ ಇಂಗ್ಲಿಷಿನಲ್ಲಿ ಬರೆಯೋದು ಸುಲಭ. ಅದನ್ನೇ ಕನ್ನಡ ಮೀಡಿಯಂನಿಂದ ಬಂದ ಜೂನಿಯರಿಗೆ ಹೇಳೋಕೆ ಕೂತಾಗ ಕಂಠಪಾಠದ ವಾಕ್ಯ ಕೆಲಸಕ್ಕೆ ಬರಲ್ಲ, ವಿಷಯವೇ ಗೊತ್ತಿರಬೇಕು. 'ಅಮ್ಮನ ನಂಬರ್' ಉದಾಹರಣೆ ಹುಟ್ಟಿದ್ದು ಹಾಗೆ. ಇಂಗ್ಲಿಷಿನಲ್ಲಿ ಕೇಳೋಕೆ ಹಿಂಜರಿದು ಲ್ಯಾಬಿನಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರೋ ಗೆಳೆಯರು ನಮ್ಮ ಕ್ಲಾಸಿನಲ್ಲೂ ಇದ್ದಾರೆ, ನಿಮ್ಮ ಕ್ಲಾಸಿನಲ್ಲೂ ಇದ್ದಾರೆ. ಅವರಿಗೆ ಬುದ್ಧಿ ಕಮ್ಮಿ ಇಲ್ಲ, ಕೇಳೋಕೆ ಜಾಗ ಇಲ್ಲ ಅಷ್ಟೇ. ಮೊದಲ ಸೆಮಿಸ್ಟರಿನಲ್ಲಿ ಕೇಳದೇ ಬಿಟ್ಟ ಪ್ರಶ್ನೆ ನಾಲ್ಕನೇ ಸೆಮಿಸ್ಟರಿನಲ್ಲಿ ಬ್ಯಾಕ್‌ಲಾಗ್ ಆಗಿ ಬರುತ್ತೆ.

ಅದಕ್ಕೇ ಜೂನಿಯರ್‌ಗಳೇ, ಬಾಗಿಲು ತಟ್ಟಿ, ಕನ್ನಡದಲ್ಲೇ ಕೇಳಿ. ಸೀನಿಯರ್‌ಗಳೇ, ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಬಾ ನೋಡೋಣ" ಅನ್ನಿ. ಕಲಿಕೆ ಶುರುವಾಗೋದು ಆ "ನೋಡೋಣ"ದಿಂದಲೇ.