ಬಿಡುವಿನ ವೇಳೆಗೆ ಸೂಜಿ ದಾರ: ಕಸೂತಿಯ ಮೊದಲ ಪಾಠ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ದಿನದ ದುಡಿಮೆಗಿಂತ ಸಂಜೆಯ ಬಿಡುವೇ ಭಾರವೆನಿಸುವುದುಂಟು. ಮಲ್ಕಾಜ್‌ಗಿರಿಯಲ್ಲಿರುವ ನಮ್ಮವರಲ್ಲಿ ಕೆಲವರು ಸಂಸಾರ ಸಮೇತ ಇದ್ದಾರೆ. ಕೆಲವರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಂದೇ ಕೋಣೆಯಲ್ಲಿ ಮೂರು ನಾಲ್ಕು ಮಂದಿ ಕೂಡಿ ಇದ್ದಾರೆ. ಇಂಥ ಮನೆಗಳಲ್ಲಿ ಹೂದೋಟಕ್ಕೆ ನೆಲವಿಲ್ಲ, ವಾದ್ಯ ನುಡಿಸಿದರೆ ನೆರೆಯವರಿಗೆ ನಿದ್ದೆಯಿಲ್ಲ. ಆದರೆ ಒಂದು ಸೂಜಿ, ಒಂದು ಲಡಿ ದಾರ, ಗೇಣುದ್ದ ಬಟ್ಟೆ ಇವಕ್ಕೆ ಎಲ್ಲಿಯೂ ಜಾಗವುಂಟು. ಆದಕಾರಣ ಈ ಸಲ ನಮ್ಮ ನಾಡಿನ ಕಸೂತಿಯನ್ನು ಕುರಿತು ಒಂದು ಪಾಠವನ್ನು ವಾಚಕರ ಮುಂದಿಡುತ್ತೇವೆ.

ಹೊಲಿಗೆ ಹೆಂಗಸರ ಕೆಲಸವೇ?

ಗಂಡಸರು ಈ ಪುಟವನ್ನು ಮಗುಚಿಬಿಡಬಾರದು. ಇದೇ ಹೈದರಾಬಾದಿನ ಹಳೆಯ ಊರಿನಲ್ಲಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಜರ್ದೋಜಿ ಕೆಲಸ ಮಾಡುವ ಕುಶಲಿಗರಲ್ಲಿ ಗಂಡಸರು ಬಹಳ. ಸೂಜಿಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಹರಿದ ಅಂಗಿಯ ತೋಳನ್ನು ತಾನೇ ಸರಿಮಾಡಿಕೊಳ್ಳಬಲ್ಲವನಿಗೆ ಕಸೂತಿ ಕಷ್ಟವಾಗದು.

ಕಸೂತಿ ಎಂದರೇನು?

ಹುಬ್ಬಳ್ಳಿ ಧಾರವಾಡದ ಕಡೆ ಇಳಕಲ್ ಸೀರೆಯ ಮೇಲೆ ಕೈಯಿಂದ ತೆಗೆಯುವ ಚಿತ್ತಾರವೇ ಕಸೂತಿ. ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಗೆ ಇದರಿಂದಲೇ ಮೆರಗು. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು, ಗಿಳಿ, ತೊಟ್ಟಿಲು ಮೊದಲಾದವು ಇದರ ಚಿತ್ರಗಳು. ಇದರ ವಿಶೇಷವೆಂದರೆ ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆಯನ್ನಾಗಲಿ ಅಚ್ಚನ್ನಾಗಲಿ ಮೂಡಿಸುವುದಿಲ್ಲ; ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಹೊಲಿಯಬೇಕು. ಹೊಲಿಗೆಗಳು ನಾಲ್ಕು:

1. ಗವಂತಿ: ನೇರ ಗೆರೆಯ ಹೊಲಿಗೆ. ಎರಡು ಮಗ್ಗುಲಲ್ಲೂ ಒಂದೇ ರೂಪ. ಗಂಟು ಎಂಬ ಮಾತಿನಿಂದ ಈ ಹೆಸರು ಬಂತೆನ್ನುತ್ತಾರೆ. ಆದರೆ ಇದರಲ್ಲಿ ಗಂಟೇ ಇಲ್ಲ.
2. ಮುರ್ಗಿ: ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವುದು. ಇದೂ ಎರಡು ಮಗ್ಗುಲಲ್ಲಿ ಒಂದೇ ಸಮ.
3. ನೇಗಿ: ನೇಯ್ದಂತೆ ಕಾಣುವುದು. ಚಿಕ್ಕ ದೊಡ್ಡ ಹೊಲಿಗೆಗಳನ್ನು ಸಾಲಾಗಿ ಹಾಕುತ್ತ ಹೋದರೆ ಚಿತ್ರ ಮೂಡುತ್ತದೆ.
4. ಮೆಂತ್ಯ: ಅಡ್ಡಡ್ಡ ದಾಟುವ ಹೊಲಿಗೆ. ಮೆಂತ್ಯದ ಕಾಳಿನಂತೆ ಒತ್ತಾಗಿ ಕೂತು ಜಾಗ ತುಂಬುತ್ತದೆ.

ಗವಂತಿಯಂಥ ಹೊಲಿಗೆ ಯುರೋಪಿನಲ್ಲಿಯೂ ಇತ್ತು. 16ನೆಯ ಶತಮಾನದ ಚಿತ್ರಕಾರ ಹೋಲ್ಬೈನನು ಬರೆದ ಭಾವಚಿತ್ರಗಳಲ್ಲಿ ಅಂಗಿಯ ಕೈಪಟ್ಟಿಯ ಮೇಲೆ ಅದು ಕಾಣುವುದರಿಂದ ಅಲ್ಲಿ ಅದಕ್ಕೆ ಅವನ ಹೆಸರೇ ನಿಂತಿದೆ.

ಬೇಕಾಗುವ ಸಾಮಗ್ರಿ

ಇಳಕಲ್ ಸೀರೆಯ ಎಳೆ ಬಹಳ ಸಣ್ಣದು. ಹೊಸಬರು ಅದಕ್ಕೆ ಕೈ ಹಾಕಬಾರದು. ಎಳೆಗಳು ಚೌಕುಳಿಯಾಗಿ ಕಾಣುವ ಮ್ಯಾಟಿ ಬಟ್ಟೆ, ತುದಿ ಮೊಂಡಾದ ಸೂಜಿ, ಕಸೂತಿ ದಾರ ಇಷ್ಟು ಸಾಕು. ಸಿಕಂದರಾಬಾದಿನ ಜನರಲ್ ಬಜಾರಿನ ಕಡೆ ಹೋದಾಗ ಕೇಳಿ ತರಬಹುದು. ಲಡಿಯ ದಾರದಲ್ಲಿ ಆರು ಎಳೆಗಳಿರುತ್ತವೆ. ಎರಡನ್ನು ಬಿಡಿಸಿಕೊಂಡು ಮೊಳದುದ್ದ ಕತ್ತರಿಸಿರಿ. ಉದ್ದ ಹೆಚ್ಚಾದರೆ ಸಿಕ್ಕು ಬೀಳುತ್ತದೆ.

ಮೊದಲ ಅಭ್ಯಾಸ

ದಾರದ ತುದಿಗೆ ಗಂಟು ಹಾಕದೆ ಬೆರಳುದ್ದ ಬಿಟ್ಟು ಸೂಜಿಯನ್ನು ಮೇಲೆ ತೆಗೆಯಿರಿ. ನಾಲ್ಕು ಎಳೆಗಳ ಮೇಲೆ ಹಾಯಿಸಿ ಕೆಳಗೆ ಚುಚ್ಚಿರಿ. ನಾಲ್ಕು ಎಳೆಗಳ ಕೆಳಗೆ ಹಾಯಿಸಿ ಮೇಲೆ ತನ್ನಿರಿ. ಹೀಗೆ ಹತ್ತು ಹೊಲಿಗೆ ಹೋಗಿ, ಅವೇ ರಂಧ್ರಗಳಲ್ಲಿ ಹಿಂದಕ್ಕೆ ಬನ್ನಿರಿ. ಹೋಗುವಾಗ ಬಿಟ್ಟುಹೋದ ಜಾಗ ಬರುವಾಗ ತುಂಬಿ, ಮೇಲೂ ಕೆಳಗೂ ಒಂದೇ ಗೆರೆಯಾಗುತ್ತದೆ. ಕೊನೆಗೆ ಎರಡು ತುದಿಗಳನ್ನೂ ಹೊಲಿಗೆಯ ಅಡಿಯಲ್ಲಿ ಸೇರಿಸಿಬಿಡಿರಿ. ಗೆರೆಯಿಂದ ಕವಲು ಒಡೆಯುವಲ್ಲಿ ಕವಲಿನ ತುದಿಗೆ ಹೋಗಿ, ತಿರುಗಿ ಬಂದು, ಮುಂದೆ ನಡೆಯಬೇಕು.

ಗುಮಾಸ್ತರಿಗೆ ಇದು ಬೇಗ ತಿಳಿಯುತ್ತದೆ. ಜಮಾ ಖರ್ಚಿನ ಪುಸ್ತಕದಂತೆ ಇಲ್ಲಿಯೂ ಪ್ರತಿಯೊಂದು ಗೆರೆ ಎರಡು ಸಲ ದಾಖಲಾಗಬೇಕು; ಹೋಗುವಾಗ ಒಂದು ಎಳೆ ತಪ್ಪಿದರೆ ಬರುವಾಗ ತಾಳೆ ಬೀಳುವುದಿಲ್ಲ. ತಪ್ಪನ್ನು ಮುಚ್ಚಲು ಹಿಂಬದಿ ಎಂಬುದೇ ಇಲ್ಲ. ಬಿಚ್ಚಿ ಮತ್ತೆ ಹೊಲಿಯುವುದೊಂದೇ ದಾರಿ. ಎಣಿಕೆಯಲ್ಲಿ ತೊಡಗಿದ ಮನಸ್ಸಿಗೆ ಬೇರೆ ಚಿಂತೆಗೆ ಎಡೆಯಿರುವುದಿಲ್ಲ; ಈ ಹವ್ಯಾಸದ ಸುಖ ಇರುವುದೇ ಅಲ್ಲಿ. ಆದರೆ ಕಣ್ಣಿನ ಬಗ್ಗೆ ಎಚ್ಚರವಿರಲಿ. ಕಪ್ಪು ಬಟ್ಟೆಯನ್ನು ಭಾನುವಾರದ ಹಗಲಿಗೆ ಇಟ್ಟುಕೊಂಡು, ರಾತ್ರಿ ದೀಪದಲ್ಲಿ ಬಿಳಿಯ ಬಟ್ಟೆಯ ಮೇಲೆ ಅರ್ಧ ಗಂಟೆ ಮಾತ್ರ ಹೊಲಿಯಿರಿ.

ಹಳೆಯ ಬಟ್ಟೆಯ ಹೊಸ ಬಾಳು

ಎಣಿಕೆ ಒಗ್ಗದವರಿಗೆ ಕೌದಿಯುಂಟು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರಾಗಿ ಹಾಸಿ ಸಾದಾ ಹೊಲಿಗೆ ಹಾಕಿದರೆ ಚಳಿಗೆ ಹೊದಿಕೆ ಸಿದ್ಧ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ಮಡಿಸಿದ ಹೂವನ್ನು ಹೊಲಿಯದೆ ಅದು ಮುಗಿಯಿತೆಂದು ಒಪ್ಪುವುದಿಲ್ಲ. ಇನ್ನು ಸಂಡೂರಿನ ಲಂಬಾಣಿ ಹೆಂಗಸರ ಕೈಕೆಲಸವನ್ನು 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಭೆಯ ಸಮಯಕ್ಕೆ ಪ್ರದರ್ಶಿಸಿದಾಗ ಅದು ಗಿನ್ನೆಸ್ ದಾಖಲೆಗೆ ಸೇರಿತು.

ಒಂದು ಕೋರಿಕೆ

ಕಸೂತಿಯ ನಮೂನೆಗಳು ತಾಯಿಯ ಕೈಯಿಂದ ಮಗಳ ಕೈಗೆ, ಒಂದು ಬಟ್ಟೆಯಿಂದ ಇನ್ನೊಂದು ಬಟ್ಟೆಗೆ ದಾಟಿ ಬಂದವು. ಅವುಗಳಲ್ಲಿ ಎಷ್ಟೋ ಯಾವ ಪುಸ್ತಕಕ್ಕೂ ಏರಿಲ್ಲ. ಸೀರೆ ಜೀರ್ಣವಾದರೆ, ಎಣಿಕೆ ಬಲ್ಲವರು ಇಲ್ಲವಾದರೆ, ಆ ನಮೂನೆಯೂ ಅಲ್ಲಿಗೆ ಮುಗಿಯಿತು. ನಗರದಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅದು ಮತ್ತೆ ಸಿಕ್ಕದು. ಆದ್ದರಿಂದ ಹಬ್ಬಕ್ಕೆ ಊರಿಗೆ ಹೋದವರು ಅಜ್ಜಿಯ ಪೆಟ್ಟಿಗೆಯ ಸೀರೆಯನ್ನು ಬಿಡಿಸಿ ನೋಡಿರಿ. ಮೊಬೈಲಿನಲ್ಲಿ ಚಿತ್ರ ತೆಗೆದರೆ ಸಾಲದು. ಮಕ್ಕಳ ಲೆಕ್ಕದ ಚೌಕುಳಿ ನೋಟುಬುಕ್ಕಿನಲ್ಲಿ ಒಂದು ಹೊಲಿಗೆಗೆ ಒಂದು ಮನೆಯಂತೆ ಎಣಿಸಿ ಬರೆದುಕೊಳ್ಳಿರಿ. ಆ ನಮೂನೆಗೆ ಊರಲ್ಲಿ ಏನೆಂದು ಹೆಸರು ಎಂಬುದನ್ನೂ ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆಯಿರಿ. ಆಮೇಲೆ ಅದರಲ್ಲಿ ಒಂದನ್ನಾದರೂ ನಿಮ್ಮ ಕೈಯಾರೆ ಒಂದು ಕರವಸ್ತ್ರದ ಮೂಲೆಗೆ ಇಳಿಸಿರಿ.