ಫ್ಯೂಸ್ ಇರುವುದು ವೈರಿನ ಕಾವಲಿಗೆ: ಗಾಡಿಗೆ ಆಂಪ್ಲಿಫೈಯರ್ ಹಾಕಿಸುವ ಮಾಕುಟ್ಟದ ಹುಡುಗರಿಗೆ ಕಿವಿಮಾತು

ಪೆರುಂಬಾಡಿ ಚೆಕ್‌ಪೋಸ್ಟ್ ದಾಟಿ ಮಾಕುಟ್ಟಕ್ಕೆ ಇಳಿಯುವ ಘಾಟಿಯಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದರೆ ನಿಮಗೆ ನೀವೇ ದಿಕ್ಕು. ಎರಡೂ ಕಡೆ ಕಾಡು, ಎಷ್ಟೋ ತಿರುವುಗಳಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಅಗ್ನಿಶಾಮಕದವರು ಬಂದು ಮುಟ್ಟುವಷ್ಟರಲ್ಲಿ ಗಾಡಿಯ ಚಾಸಿ ಮಾತ್ರ ಉಳಿದಿರುತ್ತದೆ. ಜೀಪಿಗೋ ಹಳೆಯ ಕಾರಿಗೋ ಆಂಪ್ಲಿಫೈಯರ್, ವೂಫರ್ ಕೊಂಡು ತರುವ ಹುಡುಗರನ್ನು ಕಂಡಾಗ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಹಾಡು ಕೇಳುವ ವಯಸ್ಸು, ಕೇಳಿ. ಆದರೆ ಡಿಕ್ಕಿಯಲ್ಲಿ ಕೂರುವ ಆ ಪೆಟ್ಟಿಗೆಗಿಂತ, ಬ್ಯಾಟರಿಯಿಂದ ಅಲ್ಲಿಯವರೆಗೆ ಹೋಗುವ ನಾಲ್ಕೈದು ಮೀಟರ್ ವೈರಿನ ಮೇಲೆ ಹೆಚ್ಚು ಗಮನ ಕೊಡಿ. ಬೆಂಕಿ ಹುಟ್ಟುವುದು ಅಲ್ಲಿ.

• ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು. ಬ್ಯಾಟರಿಯ ಹತ್ತಿರ ಹಾಕುವ ಫ್ಯೂಸ್ ಆಂಪ್ಲಿಫೈಯರನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ಆಂಪ್ಲಿಫೈಯರಿಗೆ ಅದರ ಮೈಯಲ್ಲೇ ಬೇರೆ ಫ್ಯೂಸ್ ಇರುತ್ತದೆ. ಅದನ್ನು ತೋರಿಸಿ ‘ಫ್ಯೂಸ್ ಇದೆಯಲ್ಲ’ ಎನ್ನುವವರ ಮಾತು ಕೇಳಬೇಡಿ. ದಾರಿಯಲ್ಲಿ ಎಲ್ಲೋ ವೈರಿನ ಸಿಪ್ಪೆ ಸವೆದು ಗಾಡಿಯ ತಗಡಿಗೆ ತಾಗಿತು ಎನ್ನಿ. ಕರೆಂಟು ಆಂಪ್ಲಿಫೈಯರ್‌ವರೆಗೆ ಹೋಗುವುದೇ ಇಲ್ಲ, ಅಲ್ಲೇ ಗಾಡಿಯ ತಗಡಿಗೆ ಇಳಿಯುತ್ತದೆ. ಕಾರಿನ ಬ್ಯಾಟರಿ ಬರೀ 12 ವೋಲ್ಟ್, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಜನ ಅದನ್ನು ಸಣ್ಣದೆಂದು ತಿಳಿಯುತ್ತಾರೆ. ಶಾರ್ಟ್ ಆದ ಗಳಿಗೆಯಲ್ಲಿ ಅದೇ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ವೈರು ಕೆಂಪಗೆ ಕಾಯ್ದು, ಪ್ಲಾಸ್ಟಿಕ್ ಕರಗಿ, ಪಕ್ಕದ ಕಾರ್ಪೆಟ್ ಹೊತ್ತಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಡ.

• ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ 45 ಸೆಂಟಿಮೀಟರ್ ಒಳಗೆ ಬರಬೇಕು. ಒಂದು ಗೇಣಿನಲ್ಲಿ ಬಂದರೆ ಇನ್ನೂ ಒಳ್ಳೆಯದು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾರ ಕಾವಲೂ ಇಲ್ಲ, ಅದು ಎಷ್ಟು ಗಿಡ್ಡವಾದರೆ ಅಷ್ಟು ಕ್ಷೇಮ. ‘ಬಾನೆಟ್ ಒಳಗೆ ಜಾಗವಿಲ್ಲ, ಡಿಕ್ಕಿಯಲ್ಲಿ ಹಾಕಿಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಗಾಡಿ ಕೊಡಬೇಡಿ.

• ಎಷ್ಟರ ಫ್ಯೂಸ್ ಎಂಬುದಕ್ಕೆ ಲೆಕ್ಕವಿದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ 2000 ವಾಟ್, 3000 ವಾಟ್ ನೋಡಬೇಡಿ, ಅದು ಮಾರುವವರ ಲೆಕ್ಕ. ಒಳಗಿನ ಪುಸ್ತಕದಲ್ಲಿ ಆರ್‌ಎಂಎಸ್ ಎಂದಿರುವ ವಾಟ್ ಹುಡುಕಿ. 500 ವಾಟ್ ಆರ್‌ಎಂಎಸ್ ಕೊಡುವ ಕ್ಲಾಸ್ ಡಿ ಆಂಪ್ಲಿಫೈಯರ್ ಎಂದಿಟ್ಟುಕೊಳ್ಳಿ. ಅದರ ದಕ್ಷತೆ ಸುಮಾರು ಶೇ 80. ಅಂದರೆ ಬ್ಯಾಟರಿಯಿಂದ ಅದು 625 ವಾಟ್ ಎಳೆಯಬೇಕು. ಇಂಜಿನ್ ಓಡುವಾಗಿನ 13.5 ವೋಲ್ಟಿನಿಂದ ಭಾಗಿಸಿದರೆ 46 ಆಂಪಿಯರ್. ಅದಕ್ಕೆ 50 ಅಥವಾ 60ರ ಫ್ಯೂಸ್ ಸಾಕು. ಹಳೆಯ ಕ್ಲಾಸ್ ಎಬಿ ಆಂಪ್ಲಿಫೈಯರ್ ಅರ್ಧಕ್ಕರ್ಧ ಕರೆಂಟನ್ನು ಬಿಸಿಯಾಗಿ ಕಳೆಯುತ್ತದೆ, ಅಷ್ಟೇ ಶಬ್ದಕ್ಕೆ ಹೆಚ್ಚು ಎಳೆಯುತ್ತದೆ. ಪುಸ್ತಕ ಕಳೆದುಹೋಗಿದ್ದರೆ ಆಂಪ್ಲಿಫೈಯರ್ ಮೈಯ ಫ್ಯೂಸುಗಳನ್ನು ಕೂಡಿಸಿ. 25ರ ಎರಡಿದ್ದರೆ 50.

• ಈ ಲೆಕ್ಕದ ಮೇಲೆ ಇನ್ನೊಂದು ಮಿತಿ ಇದೆ: ಫ್ಯೂಸ್ ಯಾವತ್ತೂ ವೈರಿನ ತಾಕತ್ತನ್ನು ಮೀರಬಾರದು. ಒಳ್ಳೆಯ ತಾಮ್ರದ 10 ಸ್ಕ್ವೇರ್ ಎಂಎಂ ವೈರಿಗೆ 50, 16ಕ್ಕೆ 80, 25ಕ್ಕೆ 100 ಆಂಪಿಯರ್. ನಾನು ಹೇಳುವುದು ಇಷ್ಟೇ, ಇದಕ್ಕಿಂತ ಹೆಚ್ಚು ಹೊರುತ್ತದೆ ಎನ್ನುವವರಿದ್ದಾರೆ. ಗೇಜ್ ಲೆಕ್ಕದಲ್ಲಿ ಕೊಳ್ಳುವವರು ತಿಳಿದಿರಲಿ, 8 ಗೇಜ್ ಎಂದರೆ 8.4 ಸ್ಕ್ವೇರ್ ಎಂಎಂ, 4 ಗೇಜ್ ಎಂದರೆ ಸುಮಾರು 21. ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಬೇಕಾದರೆ, 46 ಆಂಪಿಯರ್ ಹರಿಯುವಾಗ 10 ಸ್ಕ್ವೇರ್ ಎಂಎಂ ವೈರಿನಲ್ಲೇ 0.4 ವೋಲ್ಟ್ ಕಳೆದುಹೋಗುತ್ತದೆ. 25ರಲ್ಲಿ 0.16 ಮಾತ್ರ. ಕಾಸಿದ್ದರೆ ದಪ್ಪದ್ದೇ ಹಾಕಿ.

• ಕಿಟ್ ಎಂದು ಅಗ್ಗಕ್ಕೆ ಮಾರುವುದರಲ್ಲಿ ಬಹುಪಾಲು ತಾಮ್ರದ ವೈರಲ್ಲ, ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಮೇಲಿನ ಪ್ಲಾಸ್ಟಿಕ್ ದಪ್ಪ, ಒಳಗೆ ಲೋಹ ತೆಳು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರಕ್ಕಿಂತ ಕಡಿಮೆ ಕರೆಂಟು ಹೊರುತ್ತದೆ. ಒಣ ಊರಿನಲ್ಲಿ ಹೇಗೋ ನಡೆದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಕಡೆ ಲೇಪ ಕಿತ್ತ ತುದಿಗೆ ತೇವ ತಗುಲಿ ಬಿಳಿ ಪುಡಿ ಕಟ್ಟುತ್ತದೆ, ಜೋಡಣೆ ಬಿಸಿಯಾಗುತ್ತದೆ, ವೈರಿನ ತುದಿಯ ಲಗ್ ಸಡಿಲವಾಗುತ್ತದೆ. ಕಾಸು ಕೂಡಿಸಲು ಒಂದು ತಿಂಗಳು ತಡವಾದರೂ ಅಡ್ಡಿಯಿಲ್ಲ, ತಾಮ್ರವನ್ನೇ ಕೊಳ್ಳಿ.

• ಫ್ಯೂಸ್ ಹಿಡಿಯುವ ಡಬ್ಬಿಯೂ ಮುಖ್ಯ. ಅಗ್ಗದ ಕಿಟ್ಟಿನ ಗಾಜಿನ ಫ್ಯೂಸ್ ಹೋಲ್ಡರಿನಲ್ಲಿ ಹಿಡಿತ ಸಡಿಲ, ಘಾಟಿಯ ಗುಂಡಿಗಳಲ್ಲಿ ಕುಲುಕಿ ಕುಲುಕಿ ಒಳಗೇ ಕರಗಿ ಅಂಟುತ್ತದೆ. ನಟ್ಟು ಹಾಕಿ ಬಿಗಿಯುವ ಎಎನ್‌ಎಲ್ ಅಥವಾ ಮಿನಿ ಎಎನ್‌ಎಲ್ ಫ್ಯೂಸ್ ತನ್ನಿ, ಮುಚ್ಚಳವಿರುವ ಡಬ್ಬಿ ತನ್ನಿ. ಮುಚ್ಚಳವಿದ್ದ ಮಾತ್ರಕ್ಕೆ ನೀರು ಹೋಗುವುದಿಲ್ಲ ಎಂದಲ್ಲ. ವೈರು ಕೆಳಗಿನಿಂದ ಬಂದು ಡಬ್ಬಿಗೆ ಸೇರುವಂತೆ ಒಂದು ಬಾಗು ಕೊಡಿ, ಮಳೆನೀರು ವೈರಿನ ಮೇಲೆ ಹರಿದು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

• ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು, 30 ಹೋದ ಕಡೆ 60 ತುರುಕುವುದು, ಇದನ್ನೆಲ್ಲ ಜಾಣತನ ಎಂದು ಹೇಳಿಕೊಡುವ ಹಿರಿಯರೂ ಇದ್ದಾರೆ. ನೀವು ಕಲಿಯಬೇಡಿ. 30 ಆಂಪಿಯರಿನ ಬ್ಲೇಡ್ ಫ್ಯೂಸ್ 31ಕ್ಕೇ ಹೋಗುವಷ್ಟು ಸೂಕ್ಷ್ಮವಲ್ಲ. ಶೇ 10 ಹೆಚ್ಚು ಹೊರೆಯನ್ನು ಗಂಟೆಗಟ್ಟಲೆ ತಾಳುತ್ತದೆ, ಇಮ್ಮಡಿ ಹೊರೆ ಬಂದರೆ ಮಾತ್ರ ಕೆಲವೇ ಸೆಕೆಂಡಿನಲ್ಲಿ ಹೋಗುತ್ತದೆ. ಅಷ್ಟು ಸಹನೆಯಿರುವ ಫ್ಯೂಸೇ ಹೋಯಿತು ಎಂದರೆ ಎಲ್ಲೋ ನಿಜವಾದ ತೊಂದರೆ ಇದೆ, ಮೊದಲು ಅದನ್ನು ಹುಡುಕಿ. ಅದೇ ಸಂಖ್ಯೆಯ ಎರಡು ಫ್ಯೂಸನ್ನು ಗಾಡಿಯಲ್ಲಿ ಇಟ್ಟಿರಿ. ಬ್ಲೇಡ್ ಫ್ಯೂಸಿನ ಬಣ್ಣ ನೆನಪಿರಲಿ: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು, 40 ಕಿತ್ತಳೆ.

• ಇಂಜಿನ್ ಕಡೆಯಿಂದ ಒಳಗೆ ವೈರು ತರುವಾಗ ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್ ಇಲ್ಲದೆ ತರಲೇಬೇಡಿ. ತಗಡಿನ ಅಂಚು ಚಾಕುವಿನಷ್ಟೇ ಹರಿತ, ಗಾಡಿ ನಡುಗಿದಷ್ಟೂ ಕೊಯ್ಯುತ್ತದೆ. ಆಮೇಲೆ ಬಾಗಿಲ ಕೆಳಗಿನ ಪಟ್ಟಿಯ ಒಳಗೆ ಹಿಂದಕ್ಕೆ ಕೊಂಡೊಯ್ಯಿರಿ, ಸೀಟಿನ ಹಳಿಗೆ ಸಿಕ್ಕದ ಹಾಗೆ. ಬಾನೆಟ್ ಒಳಗಿನ ಭಾಗಕ್ಕೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪ್ ಹೊದಿಸಿ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಹುಡುಕಿ ಬರುವ ಇಲಿ ಮೊದಲು ಬಾಯಿ ಹಾಕುವುದು ವೈರಿಗೆ.

• ಡ್ರಿಲ್ ಹಿಡಿಯುವ ಮುಂಚೆ ಗಾಡಿಯ ಕೆಳಗೆ ಮಲಗಿ ಆಚೆ ಬದಿಯಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ. ಹಲವು ಚಿಕ್ಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇರುತ್ತದೆ, ಕೆಲವು ಹಳೆಯ ಜೀಪುಗಳಲ್ಲಿ ಡ್ರೈವರ್ ಸೀಟಿನ ಕೆಳಗೆ. ಬ್ರೇಕ್ ಪೈಪೂ ಅಲ್ಲೇ ಹಾಯುತ್ತದೆ. ಒಂದು ಸ್ಕ್ರೂ ಸಾಕು.

• ಅರ್ತ್ ವೈರು. ಶಬ್ದ ಸರಿಯಿಲ್ಲ, ಆಂಪ್ಲಿಫೈಯರ್ ತಾನೇ ಆಫ್ ಆಗುತ್ತದೆ, ಕುಯ್ಯೋ ಎನ್ನುತ್ತದೆ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನು. ಪ್ಲಸ್ ವೈರು ಎಷ್ಟು ದಪ್ಪವೋ ಅರ್ತೂ ಅಷ್ಟೇ ದಪ್ಪವಿರಬೇಕು. ಉದ್ದ ಅರ್ಧ ಮೀಟರ್ ಒಳಗೆ. ಗಾಡಿಯ ಗಟ್ಟಿ ತಗಡಿನ ಮೇಲೆ ಬಣ್ಣವನ್ನು ಮರಳು ಕಾಗದದಿಂದ ಪೂರ್ತಿ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಲಗ್ ಕ್ರಿಂಪ್ ಮಾಡಿ, ಬೋಲ್ಟು, ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಸೀಟ್ ಬೆಲ್ಟಿನ ಬೋಲ್ಟಿಗೆ ಕಟ್ಟಬೇಡಿ, ಜೀವ ಹಿಡಿಯುವ ಬೋಲ್ಟು ಅದು. ಬೇರೆ ಊರಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಮ್ಮ ಕಡೆ ಇನ್ನೊಂದು ಕೆಲಸವಿದೆ. ಬಿಗಿದಾದ ಮೇಲೆ ಅದರ ಮೇಲೆಲ್ಲ ಬಣ್ಣ ಬಳಿಯಿರಿ, ಇಲ್ಲವೇ ಗ್ರೀಸ್ ಹಚ್ಚಿ. ಉಜ್ಜಿದ ತಗಡನ್ನು ಬರಿದೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ತುಕ್ಕು ಲಗ್ಗಿನ ಅಡಿಗೆ ಹೊಗುತ್ತದೆ.

• ಆಂಪ್ಲಿಫೈಯರನ್ನು ಜೀಪಿನ ನೆಲದ ತಗಡಿಗೆ ಅಂಟಿಸಬೇಡಿ. ಟಾರ್ಪಾಲು ಎಷ್ಟೇ ಕಟ್ಟಿದರೂ ನೆಲದಲ್ಲಿ ನೀರು ನಿಲ್ಲುತ್ತದೆ. ಮರದ ಹಲಗೆಯ ಮೇಲೆ ನಾಲ್ಕು ಬೆರಳು ಎತ್ತರಿಸಿ, ಸುತ್ತ ಗಾಳಿಯಾಡಲಿ.

• ಸ್ಟೀರಿಯೊದ ಹಿಂದಿನಿಂದ ಬರುವ ನೀಲಿ ಅಥವಾ ನೀಲಿ-ಬಿಳಿ ರಿಮೋಟ್ ವೈರನ್ನೇ ಆಂಪ್ಲಿಫೈಯರಿನ ರಿಮೋಟಿಗೆ ಕೊಡಿ. ಸೋಮಾರಿತನಕ್ಕೆ ನೇರ ಬ್ಯಾಟರಿಯಿಂದ ಕೊಟ್ಟರೆ ಆಂಪ್ಲಿಫೈಯರ್ ರಾತ್ರಿಯಿಡೀ ಎಚ್ಚರವಿರುತ್ತದೆ. ಆಂಪ್ಲಿಫೈಯರ್ ಸುಮ್ಮನಿದ್ದರೂ 1 ಆಂಪಿಯರ್ ಕುಡಿಯುವುದಾದರೆ 35 ಆಂಪಿಯರ್-ಅವರ್‌ನ ಬ್ಯಾಟರಿ ಎರಡನೇ ದಿನ ಬೆಳಿಗ್ಗೆ ಗಾಡಿ ಎತ್ತುವುದಿಲ್ಲ.

• ಸ್ಟೀರಿಯೊದಿಂದ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರು ಒಂದು ಬದಿಯಲ್ಲಿ, ಬ್ಯಾಟರಿ ವೈರು ಇನ್ನೊಂದು ಬದಿಯಲ್ಲಿ ಹೋಗಲಿ. ಆಕ್ಸಿಲರೇಟರ್ ಒತ್ತಿದಂತೆ ಏರುವ ಸಿಳ್ಳೆ ಸ್ಪೀಕರಿನಲ್ಲಿ ಕೇಳಿದರೆ ಅರ್ತ್ ಮತ್ತೆ ನೋಡಿ. ಕ್ಲಾಸ್ ಡಿ ಆಂಪ್ಲಿಫೈಯರ್ ಆನ್ ಮಾಡಿದ ಕೂಡಲೇ ಎಫ್‌ಎಂ ಕೇಂದ್ರಗಳು ಗರಗರ ಎಂದರೆ ಅದರ ವೈರುಗಳು ಆಂಟೆನಾ ಕೇಬಲ್ಲಿನ ಪಕ್ಕ ಇವೆ ಎಂದರ್ಥ, ದೂರ ಸರಿಸಿ. ಆದರೆ ಘಾಟಿ ಇಳಿದಂತೆ ಮಡಿಕೇರಿ ಆಕಾಶವಾಣಿ ಮಸುಕಾಗುವುದಕ್ಕೆ ಆಂಪ್ಲಿಫೈಯರ್ ಕಾರಣವಲ್ಲ, ಬೆಟ್ಟ ಅಡ್ಡ ಬಂದಿರುತ್ತದೆ.

• ಗೇನ್ ಎಂಬ ಗುಂಡಿ ವಾಲ್ಯೂಮ್ ಅಲ್ಲ. ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಗೇನ್ ಕೆಳಗಿನಿಂದ ನಿಧಾನಕ್ಕೆ ಏರಿಸಿ, ಧ್ವನಿ ಒಡೆಯುವ ಮೊದಲೇ ನಿಲ್ಲಿಸಿ. ವೂಫರ್‌ನ ಓಮ್ ಕೂಡ ನೋಡಿ: 4 ಓಮಿನ ಎರಡನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್. ಆಂಪ್ಲಿಫೈಯರ್ ಅದನ್ನು ತಾಳುತ್ತದೆಯೇ ಎಂದು ಪುಸ್ತಕದಲ್ಲಿ ಬರೆದಿರುತ್ತದೆ.

• ಕೆಲಸ ಶುರುಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಮುಗಿದ ಮೇಲೆ ಅದನ್ನೇ ಕೊನೆಗೆ ಹಾಕಿ. ಮುಖ್ಯ ಫ್ಯೂಸನ್ನು ಎಲ್ಲ ಜೋಡಣೆ ಆದ ಮೇಲಷ್ಟೇ ಕೂರಿಸಿ. ತುಕ್ಕು ಹಿಡಿದ ಬಾಡಿಗೆ ವೆಲ್ಡಿಂಗ್ ಮಾಡಿಸುವ ದಿನ ಬ್ಯಾಟರಿಯ ಜೊತೆ ಆಂಪ್ಲಿಫೈಯರ್ ವೈರುಗಳನ್ನೂ ಬಿಚ್ಚಿಸಿ, ಇದನ್ನು ವೆಲ್ಡರಿಗೆ ನೀವೇ ಬಾಯಿಬಿಟ್ಟು ಹೇಳಬೇಕು.

• ಪೆರುಂಬಾಡಿಯಿಂದ ಘಾಟಿ ಮುಗಿಯುವ ಕೂಟುಪುಳ ಸೇತುವೆಯವರೆಗೆ ಧ್ವನಿ ತಗ್ಗಿಸಿ. ತಿರುವಿನಾಚೆಯ ಬಸ್ಸಿನ ಹಾರ್ನ್, ಬಿದಿರು ಮುರಿಯುವ ಆನೆಯ ಸದ್ದು ನಿಮ್ಮ ಕಿವಿಗೆ ಬೀಳಬೇಕು. 2018ರ ಜೂನ್‌ನಲ್ಲಿ ಇದೇ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಮಳೆಯಲ್ಲಿ ಮಣ್ಣು ಜಾರುವ ಸದ್ದೂ ಮೊದಲು ಮುಟ್ಟುವುದು ಕಿವಿಗೇ. ಆ ಘಾಟಿ ಕಾಡುಪ್ರಾಣಿಗಳ ಮನೆ ಎಂಬುದನ್ನೂ ಮರೆಯಬೇಡಿ.

• ಹೊಸದಾಗಿ ಹಾಕಿಸಿದ ವಾರದಲ್ಲಿ, ಆಮೇಲೆ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಅರ್ಧ ಗಂಟೆ ಹಾಡು ಹಾಕಿ ಓಡಿಸಿ ಗಾಡಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ ಬಾನೆಟ್ ತೆಗೆದು ಫ್ಯೂಸ್ ಡಬ್ಬಿಯನ್ನು ಕೈಯಿಂದ ಮುಟ್ಟಿ, ಡಿಕ್ಕಿಯ ಅರ್ತ್ ಲಗ್ಗನ್ನೂ ಮುಟ್ಟಿ. ಸುತ್ತಲಿನ ತಗಡಿಗಿಂತ ಬಿಸಿಯಾಗಿದ್ದರೆ ನಟ್ಟು ಸಡಿಲವಾಗಿದೆ, ಇಲ್ಲವೇ ತುಕ್ಕು ಹಿಡಿದಿದೆ. ಅಲ್ಲೇ ಮೈನಸ್ ಬಿಚ್ಚಿ, ಉಜ್ಜಿ, ಬಿಗಿದು ಹೊರಡಿ. ಹತ್ತನೇ ನಂಬರಿನ ಪಾನ, ಒಂದು ತುಂಡು ಮರಳು ಕಾಗದ ಗಾಡಿಯಲ್ಲೇ ಇರಲಿ.