ದರೋಜಿ ಬಂಡೆಯ ಎದುರು ಒಂದು ಸಂಜೆ



ಬೇಸಿಗೆ ರಜೆ ಬಂತೆಂದರೆ ನಮ್ಮ ಮೋಕದ ಜ್ಞಾನೋಪದೇಶದ ಮಕ್ಕಳು “ಫಾದರ್, ಈ ಸಲ ಎಲ್ಲಿಗೆ?” ಎಂದು ಬೆನ್ನು ಹತ್ತುತ್ತಾರೆ. ಒಬ್ಬ ಹುಡುಗ ಪತ್ರಿಕೆಯಿಂದ ಚಿತ್ರವೊಂದನ್ನು ಕತ್ತರಿಸಿ ತಂದಿದ್ದ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಬಿಸಿನೀರು ತೆಂಗಿನಮರವನ್ನೂ ಮೀರಿ ಚಿಮ್ಮುತ್ತಿರುವ ಚಿತ್ರ. “ನಮ್ಮಲ್ಲೇನಿದೆ ಫಾದರ್, ಹಗರಿಯಲ್ಲಿ ಈಗ ತಣ್ಣೀರೂ ಇಲ್ಲ” ಎಂದ.

1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ಯೆಲ್ಲೊಸ್ಟೋನಿನಲ್ಲಿ ಲೋಕದ ಚಿಮ್ಮುಬುಗ್ಗೆಗಳಲ್ಲಿ ಸುಮಾರು ಅರ್ಧದಷ್ಟಿವೆ. ನೆಲದಡಿಯ ಕಾದ ಬಂಡೆ ನೀರನ್ನು ಕಾಯಿಸುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಮೇಲಿನ ನೀರಿನ ಭಾರ ಕೆಳಗಿನದನ್ನು ಕುದಿಯಗೊಡುವುದಿಲ್ಲ. ಭಾರ ತುಸು ಸಡಿಲವಾದೊಡನೆ ನೀರು ಹಬೆಯಾಗಿ ಎಲ್ಲವನ್ನೂ ಎತ್ತಿ ಎಸೆಯುತ್ತದೆ. ಓಲ್ಡ್ ಫೇತ್‌ಫುಲ್ ಎಂಬ ಬುಗ್ಗೆ ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆಯಂತೆ. ನಮ್ಮ ಬಳ್ಳಾರಿ ಬಸ್ಸಿಗಿಂತ ಅದರ ಸಮಯಪಾಲನೆ ವಾಸಿ. ನಮ್ಮ ರಾಜ್ಯದಲ್ಲಿ ಪುತ್ತೂರು ಬಳಿಯ ಬೆಂದ್ರುತೀರ್ಥ ಬೆಚ್ಚಗಿನ ನೀರಿಗೆ ಹೆಸರಾಗಿದೆ, ಆದರೆ ಅದು ಚಿಮ್ಮುವಂಥದ್ದಲ್ಲ.

ಆದರೆ ಕರಡಿಗಳನ್ನು ನೋಡಲು ನಾವು ಸಮುದ್ರ ದಾಟಬೇಕಿಲ್ಲ. ಬಳ್ಳಾರಿ, ಕುಡುತಿನಿ ದಾಟಿ ಮುಂದೆ ಹೋದರೆ, ಹಂಪಿಗೆ ಹತ್ತಿರದಲ್ಲೇ ದರೋಜಿ ಕರಡಿಧಾಮವಿದೆ. 1994ರಲ್ಲಿ ಘೋಷಣೆಯಾದ ಇದು ಈಗ ಸುಮಾರು 82 ಚದರ ಕಿಲೋಮೀಟರ್ ಹರಡಿದೆ. ಬಂಡೆಗುಡ್ಡ, ಕುರುಚಲು, ಕವಳಿ, ನೇರಳೆ. ಇಂಥಲ್ಲೇ ಕರಡಿಗೆ ಸುಖ. ನಾವು ಒಂದು ಬಸ್ಸು ಮಾಡಿಕೊಂಡು ಹೋದೆವು. ಜತೆಗೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರೂ ಬಂದರು. ಕುರಿ ಕಾಯುವ ದಿನಗಳಲ್ಲಿ ಕರಡಿ ಅವರ ಮುಖವನ್ನು ಎಡಗಣ್ಣಿನಿಂದ ದವಡೆಯವರೆಗೆ ಸೀಳಿತ್ತು. ಅವರೇ ಬರುತ್ತೇನೆಂದಾಗ ನನಗೆ ಆಶ್ಚರ್ಯ.

ಅಲ್ಲಿ ಸಂದರ್ಶಕರಿಗೆ ಕಾಣಲೆಂದು ಎದುರು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರುವ ರೂಢಿಯನ್ನು ಸಿಬ್ಬಂದಿ ಬೆಳೆಸಿಕೊಂಡು ಬಂದಿದ್ದರು. ನಾವು ಹೋದ ದಿನವೂ ಸವರಿದ್ದರು. ವೀಕ್ಷಣಾ ಗೋಪುರದಲ್ಲಿ ಕೂತ ಮಕ್ಕಳು ಅರ್ಧ ಗಂಟೆ ಮಾತಿಲ್ಲದೆ ಕಾದರು. ಪೂಜೆಯಲ್ಲಿ ಹತ್ತು ನಿಮಿಷ ಹಾಗೆ ಕೂತದ್ದನ್ನು ನಾನು ಕಂಡಿಲ್ಲ. ಮೊದಲು ನವಿಲು, ಆಮೇಲೆ ಹಂದಿ. ಬಿಸಿಲು ಇಳಿದ ಮೇಲೆ ಬಂಡೆಯ ನೆರಳೇ ಎದ್ದು ನಡೆದಂತೆ ಕರಡಿ ಬಂತು. ಬೆನ್ನಮೇಲೆ ಎರಡು ಮರಿ, ಎದೆಯಮೇಲೆ ಬಿಳಿಯ ಪಟ್ಟೆ.

ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲ. ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲುಗಳನ್ನು ಹೀರುತ್ತದೆ; ಆ ಸದ್ದು ದೂರಕ್ಕೂ ಕೇಳುತ್ತದೆ. 1791ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜಾರ್ಜ್ ಶಾ ಇದರ ಉಗುರುಗಳನ್ನೂ ಹಲ್ಲುಗಳನ್ನೂ ನೋಡಿ ದಕ್ಷಿಣ ಅಮೆರಿಕದ ಸೋಮಾರಿ ಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟ. ತಪ್ಪು ತಿದ್ದಿದರೂ ಇಂಗ್ಲಿಷ್ ಹೆಸರಿನಲ್ಲಿ ಸೋಮಾರಿತನ ಉಳಿಯಿತು. ಪಾಪ, ಗಟ್ಟಿ ಹುತ್ತ ಅಗೆಯುವ ಪ್ರಾಣಿಗೆ! ಜಾತ್ರೆಗಳಲ್ಲಿ ಮೂಗಿಗೆ ಹಗ್ಗ ಹಾಕಿಸಿಕೊಂಡು ಕುಣಿದದ್ದೂ ಇದೇ ಕರಡಿ. 1972ರ ಕಾಯಿದೆಯ ನಂತರವೂ ಆ ಕುಣಿತ ನಿಲ್ಲಲು 2009 ಬರಬೇಕಾಯಿತು.

ಬೆಲ್ಲದ ವಿಷಯ ಮಾತ್ರ ನನ್ನ ಮನಸ್ಸಿಗೆ ಒಗ್ಗಲಿಲ್ಲ. ನಾವು ಕಂಡದ್ದು ಕಾಡಿನ ಕರಡಿಯೋ, ಬೆಲ್ಲದ ಕರಡಿಯೋ? ಯೆಲ್ಲೊಸ್ಟೋನಿನಲ್ಲಿಯೂ ಒಂದು ಕಾಲಕ್ಕೆ ಹೋಟೆಲುಗಳ ಕಸ ತಿನ್ನಲು ಬರುವ ಕರಡಿಗಳನ್ನು ನೋಡಲು ಆಸನಗಳನ್ನೇ ಹಾಕಿದ್ದರು. ಕೊನೆಯ ಕಸದಗುಂಡಿಗಳನ್ನು 1970ರ ಸುಮಾರಿಗೆ ಮುಚ್ಚಿದಾಗ, ಜನರ ಊಟಕ್ಕೆ ರೂಢಿಬಿದ್ದ ಕರಡಿಗಳು ಬಿಡಾರಗಳತ್ತ ಬಂದು ಅನೇಕವು ಸತ್ತವು. 1975ರಲ್ಲಿ ಅವುಗಳನ್ನು ಅಪಾಯಕ್ಕೊಳಗಾದ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಸೃಷ್ಟಿಯಲ್ಲಿ ಇಷ್ಟೊಂದು ಬಗೆಯೇಕೆಂಬ ಪ್ರಶ್ನೆಗೆ ಸಂತ ಥಾಮಸ್ ಅಕ್ವಿನಾಸರು, ದೇವರ ಒಳ್ಳೆಯತನವನ್ನು ತೋರಲು ಒಂದೇ ಜೀವಿ ಸಾಲದು ಎಂದು ಉತ್ತರಿಸಿದ್ದಾರೆ. ನಾವು ನೋಡಿ ಸಂತೋಷಪಡಲೆಂದು ಎಂದು ಅವರು ಬರೆದಿಲ್ಲ. ಆದರೂ ಬೆಲ್ಲವಿಲ್ಲದಿದ್ದರೆ ಈ ಮಕ್ಕಳು ಆ ಮರಿಗಳನ್ನು ಕಾಣುತ್ತಿರಲಿಲ್ಲ. ಎರಡನ್ನೂ ತಕ್ಕಡಿಗೆ ಹಾಕಿದರೆ ಮುಳ್ಳು ಇನ್ನೂ ಅಲ್ಲಾಡುತ್ತಲೇ ಇದೆ.

ಅಷ್ಟರಲ್ಲಿ ಒಬ್ಬ ಹುಡುಗಿ, ಹಿರಿಯರ ಮುಖವನ್ನು ಓರೆಗಣ್ಣಿನಿಂದ ನೋಡುತ್ತ, “ಫಾದರ್, ಕರಡಿ ಮಾಡಿದ್ದು ಪಾಪ ಅಲ್ಲವೇ?” ಎಂದಳು. ಅರಿವು, ಮನಸ್ಸಿನ ಒಪ್ಪಿಗೆ ಇವಿಲ್ಲದೆ ಪಾಪವಿಲ್ಲ ಎಂಬ ಪಾಠವನ್ನು ನಾನು ಶುರುಮಾಡಿದ್ದೆ. ಹಿರಿಯರು ಕೈ ಅಡ್ಡ ಹಿಡಿದರು.

“ನಾ ಕವಳಿ ಪೊದಿ ಸಂದಿನಿಂದ ಒಮ್ಮೆಲೆ ಎದುರು ಬಂದೆ, ತಂಗಿ. ಅದಕ್ಕ ಕಣ್ಣು ಮಂದ, ಗಾಬರಿ ಆತು.”

ದುರ್ಬೀನು ಕೊಡೆಂದು ಕೇಳಿ, ಒಳ್ಳೆಯ ಕಣ್ಣಿಗೆ ಹಿಡಿದು, ಆ ಕರಡಿ ಬಂಡೆಯ ಹಿಂದೆ ಮರೆಯಾಗುವ ತನಕ ನೋಡಿದರು. ತಿರುಗಿ ಕೊಡುವಾಗ ನನಗೆ ಮಾತ್ರ ಕೇಳುವಂತೆ ಹೇಳಿದರು: “ಅದರ ಬೆನ್ನ ಮ್ಯಾಲೂ ಎರಡು ಮರಿ ಇದ್ದವು, ಫಾದರ್.”